ಸೆಟರ್ ಮತ್ತು ಪ್ರಾಪರ್ಟಿಗಳಿಗೆ ಹೆಸರಿಡುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನ ಸರಸ್ವತಿಪುರಂನಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಕನ್ನಡದಲ್ಲಿ ಪ್ರೋಗ್ರಾಮಿಂಗ್ ಪಾಠ ಮಾಡುತ್ತೇನೆ. ಬರುವವರಲ್ಲಿ ಹೆಚ್ಚಿನವರು ಮಂಡ್ಯ, ಪಾಂಡವಪುರ, ಶ್ರೀರಂಗಪಟ್ಟಣ, ನಂಜನಗೂಡು ಕಡೆಯಿಂದ ಬಸ್ಸೋ ರೈಲೋ ಹಿಡಿದು ಬರುವ ಡಿಪ್ಲೊಮಾ, ಬಿಸಿಎ ಮತ್ತು ಎಂಜಿನಿಯರಿಂಗ್ ವಿದ್ಯಾರ್ಥಿಗಳು. ಕ್ಲಾಸ್, ಆಬ್ಜೆಕ್ಟ್, ಇನ್‌ಹೆರಿಟೆನ್ಸ್ ಎಲ್ಲವನ್ನೂ ಅವರು ಬೇಗ ಕಲಿಯುತ್ತಾರೆ. ಒಂದು ಸೆಟರ್‌ಗೆ ಹೆಸರಿಡಬೇಕಾದ ಕಡೆ ಮಾತ್ರ ಕೈ ನಿಂತುಬಿಡುತ್ತದೆ. ವರ್ಷ ವರ್ಷವೂ ಅವೇ ಪ್ರಶ್ನೆಗಳು ಬರುವುದರಿಂದ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಉದಾಹರಣೆಗಳಲ್ಲಿ ಬರುವ ಹೆಸರುಗಳನ್ನೆಲ್ಲ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ನಿಮ್ಮ ತಂಡ ಇಂಗ್ಲಿಷ್ ಹೆಸರುಗಳನ್ನು ಬಳಸುತ್ತಿದ್ದರೆ ಅವುಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಸೆಟರ್ ಮತ್ತು ಪ್ರಾಪರ್ಟಿ ಎರಡೂ ಒಂದೇ ಅಲ್ಲವೆ?

ಹತ್ತಿರದ ನಂಟರು, ಆದರೆ ಒಂದೇ ಅಲ್ಲ. ಆಬ್ಜೆಕ್ಟ್ ತನ್ನೊಳಗೆ ಇಟ್ಟುಕೊಂಡ ಮೌಲ್ಯವನ್ನು ಹೊರಗಿನವರು ಬದಲಾಯಿಸಲು ಇರುವ ಮೆಥಡ್ ಸೆಟರ್. ಓದಲು ಇರುವುದು ಗೆಟರ್. ಈ ಎರಡನ್ನೂ ಒಂದೇ ಹೆಸರಿನ ಹಿಂದೆ ಇಟ್ಟು, ಬಳಸುವವರಿಗೆ ಸಾಮಾನ್ಯ ಫೀಲ್ಡ್‌ನಂತೆ ಕಾಣುವ ಹಾಗೆ ಮಾಡುವ ಏರ್ಪಾಡು ಪ್ರಾಪರ್ಟಿ.

ಸಿ ಶಾರ್ಪ್‌ನಲ್ಲಿ ಮೊದಲ ಆವೃತ್ತಿಯಿಂದಲೇ ಪ್ರಾಪರ್ಟಿ ಭಾಷೆಯ ಭಾಗ. ಜಾವಾಸ್ಕ್ರಿಪ್ಟ್‌ಗೆ ಅದು 2009ರ ಐದನೇ ಆವೃತ್ತಿಯ ಮಾನದಂಡದಲ್ಲಿ ಅಧಿಕೃತವಾಗಿ ಸೇರಿತು. ಪಿಎಚ್‌ಪಿಗೆ 2024ರ ಕೊನೆಯಲ್ಲಿ ಬಂದ 8.4ರವರೆಗೆ ಕಾಯಬೇಕಾಯಿತು. ಜಾವಾದಲ್ಲಿ ಇಂದಿಗೂ ಭಾಷೆಯ ಮಟ್ಟದಲ್ಲಿ ಪ್ರಾಪರ್ಟಿ ಇಲ್ಲ. ಮೆಥಡ್‌ನ ಹೆಸರು ನೋಡಿ ಪ್ರಾಪರ್ಟಿ ಇದೆಯೆಂದು ಊಹಿಸುತ್ತಾರೆ.

ಹೆಸರಿಡುವವರಿಗೆ ಈ ವ್ಯತ್ಯಾಸ ಮುಖ್ಯ. ಸೆಟರ್ ಮೆಥಡ್ಡನ್ನು ಕರೆಯುವ ಜಾಗದಲ್ಲಿ ಕೋಡ್ ಒಂದು ಆಜ್ಞೆಯಂತೆ ಓದಿಸಿಕೊಳ್ಳುತ್ತದೆ: ಅಣೆಕಟ್ಟೆ.ಸೆಟ್‌ಮಟ್ಟ(110). ಪ್ರಾಪರ್ಟಿಯಾದರೆ ಹೇಳಿಕೆಯಂತೆ ಓದಿಸಿಕೊಳ್ಳುತ್ತದೆ: ಅಣೆಕಟ್ಟೆ.ಮಟ್ಟ = 110. ಆದ್ದರಿಂದ ಮೆಥಡ್ಡಿಗೆ ಕ್ರಿಯಾಪದ, ಪ್ರಾಪರ್ಟಿಗೆ ನಾಮಪದ ಅಥವಾ ಗುಣವಾಚಕ.

ಹೆಸರಿನ ಮುಂದೆ 'ಸೆಟ್' ಎಂದು ಸೇರಿಸಲೇಬೇಕೆ?

ಭಾಷೆ ಯಾವುದು ಎಂಬುದರ ಮೇಲೆ ಹೋಗುತ್ತದೆ. ಊರಿಗೆ ಹೋದಾಗ ಆ ಊರಿನ ಪದ್ಧತಿ.

ಜಾವಾದಲ್ಲಿ ಬೇಕು. 1997ರ ಜಾವಾಬೀನ್ಸ್ ನಿಯಮಾವಳಿ ಓದಲು 'ಗೆಟ್', ಬರೆಯಲು 'ಸೆಟ್', ಹೌದು–ಅಲ್ಲ ಎಂಬ ಮೌಲ್ಯಕ್ಕೆ 'ಈಸ್' ಎಂದು ಕಟ್ಟು ಹಾಕಿತು. ಸ್ಪ್ರಿಂಗ್, ಹೈಬರ್ನೇಟ್‌ನಂಥ ಚೌಕಟ್ಟುಗಳೆಲ್ಲ ಆ ಹೆಸರುಗಳನ್ನು ಆಧರಿಸಿ ಬೆಳೆದವು. ಆದರೆ 2021ರ ಜಾವಾ 16ರಲ್ಲಿ ಅಧಿಕೃತವಾದ 'ರೆಕಾರ್ಡ್'ಗಳಲ್ಲಿ ಓದುವ ಮೆಥಡ್ಡಿಗೆ 'ಗೆಟ್' ಇಲ್ಲ. ಸೆಟರ್ ಅಂತೂ ಇಲ್ಲವೇ ಇಲ್ಲ.

ಸಿ ಶಾರ್ಪ್, ಕಾಟ್ಲಿನ್, ಸ್ವಿಫ್ಟ್, ಪೈಥಾನ್‌ಗಳಲ್ಲಿ ಪ್ರಾಪರ್ಟಿಗೆ 'ಸೆಟ್' ಸೇರಿಸಬೇಡಿ. 'ಮಟ್ಟ' ಎಂಬ ಪ್ರಾಪರ್ಟಿಯ ಪಕ್ಕದಲ್ಲೇ 'ಗೆಟ್‌ಮಟ್ಟ' ಎಂಬ ಮೆಥಡ್ ಇಡಬಾರದು ಎಂದು ಮೈಕ್ರೋಸಾಫ್ಟ್‌ನ ವಿನ್ಯಾಸ ಸೂತ್ರಗಳು ಹೇಳುತ್ತವೆ. ಬಳಸುವವರು ಯಾವುದನ್ನು ಕರೆಯಬೇಕು ಎಂದು ಒದ್ದಾಡುತ್ತಾರೆ.

ಗೋ ಭಾಷೆಯಲ್ಲಿ ಬರೆಯುವ ಮೆಥಡ್ಡಿಗೆ 'ಸೆಟ್' ಉಂಟು, ಓದುವುದಕ್ಕೆ 'ಗೆಟ್' ಇಲ್ಲ. ಆಬ್ಜೆಕ್ಟಿವ್ ಸಿ ಸಹ ಹೀಗೆಯೇ. ಅಲ್ಲಿ 'ಗೆಟ್' ಎಂದು ಶುರುವಾಗುವ ಹೆಸರಿಗೆ ಬೇರೆಯೇ ಅರ್ಥವಿದೆ: ಫಲಿತಾಂಶವನ್ನು ನೀವು ಕೊಟ್ಟ ಪಾಯಿಂಟರ್‌ನ ಮೂಲಕ ತುಂಬಿಕೊಡುತ್ತೇನೆ ಎಂದು. ಸಿ ಪ್ಲಸ್ ಪ್ಲಸ್‌ಗೆ ಒಂದೇ ಕಟ್ಟುಪಾಡಿಲ್ಲ. ಕ್ಯೂಟಿ ಲೈಬ್ರರಿ 'ಟೆಕ್ಸ್ಟ್' ಮತ್ತು 'ಸೆಟ್‌ಟೆಕ್ಸ್ಟ್' ಎಂಬ ಜೋಡಿಯನ್ನು ಬಳಸುತ್ತದೆ. ನನಗೂ ಆ ಜೋಡಿ ಇಷ್ಟ. ಓದುವ ಕಡೆ 'ಗೆಟ್' ಎಂಬ ಮಾತು ಹೆಚ್ಚೇನನ್ನೂ ಹೇಳುವುದಿಲ್ಲ, ಬರೆಯುವ ಕಡೆ 'ಸೆಟ್' ಎಂಬುದು ಎಚ್ಚರಿಕೆಯ ಗಂಟೆಯಂತೆ ಕೆಲಸ ಮಾಡುತ್ತದೆ.

ರೂಬಿಯಲ್ಲಿ ಸಮ ಚಿಹ್ನೆಯೇ ಮೆಥಡ್‌ನ ಹೆಸರಿನ ಭಾಗ. 'ಮಟ್ಟ=' ಎಂಬುದೇ ಸೆಟರ್‌ನ ಪೂರ್ತಿ ಹೆಸರು. ಈ ಚೆಂದದ ವಿಷಯಕ್ಕೆ ಮುಂದೆ ಮತ್ತೆ ಬರುತ್ತೇನೆ.

ಪ್ರಾಪರ್ಟಿಯ ಹೆಸರಿನಲ್ಲಿ ಅಳತೆಯ ಮಾನವೂ ಇರಬೇಕೆ? ಹೆಸರು ಉದ್ದವಾಗುವುದಿಲ್ಲವೆ?

ಇರಬೇಕು. ಉದ್ದವಾದರೆ ಆಗಲಿ.

ಹಲವು ವರ್ಷಗಳ ಹಿಂದೆ ಮಂಡ್ಯ ಜಿಲ್ಲೆಯ ಒಂದು ಹಳ್ಳಿಯ ಹಾಲಿನ ಸಂಘಕ್ಕೆ ಲೆಕ್ಕದ ತಂತ್ರಾಂಶ ಬರೆದುಕೊಟ್ಟಿದ್ದೆ. ಒಬ್ಬೊಬ್ಬ ಸದಸ್ಯರು ಬೆಳಿಗ್ಗೆ, ಸಂಜೆ ತಂದು ಹಾಕುವ ಹಾಲು, ಅದರ ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ), ಅದಕ್ಕೆ ಸಿಗುವ ಹಣ, ಇಷ್ಟೇ. 'ಹಾಲು' ಎಂಬ ಕ್ಲಾಸಿನಲ್ಲಿ 'ಪ್ರಮಾಣ' ಎಂದೊಂದು ಪ್ರಾಪರ್ಟಿ ಇಟ್ಟೆ. ಆಗ ಸಂಘದಲ್ಲಿ ಲೀಟರ್ ಅಳತೆಯ ಪಾತ್ರೆಯಲ್ಲಿ ಅಳೆದು ಕೈಯಿಂದ ನಮೂದಿಸುತ್ತಿದ್ದರು. ಕೆಲವು ತಿಂಗಳ ನಂತರ ಎಲೆಕ್ಟ್ರಾನಿಕ್ ತಕ್ಕಡಿ ಬಂತು. ತಕ್ಕಡಿಯಿಂದ ಬರುವ ಅಂಕಿಯನ್ನು ನೇರವಾಗಿ ಕಂಪ್ಯೂಟರಿಗೆ ತರುವ ಕೋಡನ್ನೂ ನಾನೇ ಬರೆದೆ. ಅಂಕಿ ಬಂದ ಕೂಡಲೇ ಅದೇ ಸೆಟರ್‌ಗೆ ಕೊಟ್ಟೆ: ಪ್ರಮಾಣ = 10.3.

ತಕ್ಕಡಿ ಕೊಡುತ್ತಿದ್ದುದು ಕಿಲೋ. ಹಾಲು ನೀರಿಗಿಂತ ಸ್ವಲ್ಪ ಭಾರ. ಒಂದು ಲೀಟರ್ ಹಾಲು ಸುಮಾರು 1.03 ಕಿಲೋ ತೂಗುತ್ತದೆ. ಹತ್ತು ಲೀಟರ್ ತಂದವರ ಲೆಕ್ಕದಲ್ಲಿ 10.3 ಲೀಟರ್ ಎಂದು ಸೇರತೊಡಗಿತು. ಒಬ್ಬರ ಲೆಕ್ಕದಲ್ಲಿ ಕಣ್ಣಿಗೆ ಬೀಳುವಂಥದ್ದಲ್ಲ. ಇಡೀ ಸಂಘದ 400 ಲೀಟರ್ ಹಾಲು ಪುಸ್ತಕದಲ್ಲಿ 412 ಆಗುತ್ತಿತ್ತು, ಟ್ಯಾಂಕರ್‌ನವರು ಅಳೆದರೆ 400 ಮಾತ್ರ. ದಿನವೂ 12 ಲೀಟರ್ ಹಾಲು ಎಲ್ಲೋ ಮಾಯವಾಗುತ್ತಿದೆ ಎಂಬ ಮಾತು ಊರಿನಲ್ಲಿ ಎದ್ದಿತು. ಹಾಲು ಅಳೆಯುವ ಹುಡುಗನ ಮೇಲೆ ಕೆಲವರು ಅನುಮಾನಪಟ್ಟರು.

ಒಂದು ರಾತ್ರಿ ಸಂಘದ ಕಾರ್ಯದರ್ಶಿಗಳೂ ನಾನೂ ಸದಸ್ಯರ ಪಾಸ್‌ಬುಕ್ಕುಗಳನ್ನು ಹರಡಿಕೊಂಡು ಕುಳಿತೆವು. ಕೋಡನ್ನು ಅವರಿಗೆ ತೋರಿಸುತ್ತಾ ಸಾಲು ಸಾಲಾಗಿ ಓದಿ ಹೇಳುತ್ತಿದ್ದೆ. "ಇಲ್ಲಿ ಪ್ರಮಾಣವನ್ನು ಬರೆದುಕೊಳ್ಳುತ್ತದೆ" ಎಂದಾಗ ಅವರು ಕೇಳಿದರು: "ಪ್ರಮಾಣ ಎಂದರೆ ಲೀಟರೋ, ಕಿಲೋನೋ?" ಅಲ್ಲಿಗೆ ದೋಷ ಸಿಕ್ಕಿತು. ಆ ಹುಡುಗನ ಮುಖ ನೆನೆದರೆ ಇಂದಿಗೂ ನನಗೆ ಸಂಕಟವಾಗುತ್ತದೆ.

ಕಂಪೈಲರ್‌ಗೆ 10.3 ಬರೀ ಒಂದು ಸಂಖ್ಯೆ. ಕಿಲೋ, ಲೀಟರ್ ಎಂಬ ಭೇದ ಅದಕ್ಕೆ ತಿಳಿಯದು. ಆ ಭೇದವನ್ನು ಹೊರಬೇಕಾದುದು ಹೆಸರು, ಇಲ್ಲವೇ ಅದಕ್ಕೆಂದೇ ಮಾಡಿದ ಬೇರೆ ಟೈಪ್. ಅಂದಿನಿಂದ 'ತೂಕ_ಕಿಲೋ' ಮತ್ತು 'ಅಳತೆ_ಲೀಟರ್' ಎಂದು ಎರಡು ಬೇರೆ ಹೆಸರುಗಳಾದವು. ಒಂದರಿಂದ ಇನ್ನೊಂದಕ್ಕೆ ಬದಲಾಯಿಸುವ ಲೆಕ್ಕ ಒಂದೇ ಜಾಗದಲ್ಲಿ ಉಳಿಯಿತು.

ದೊಡ್ಡವರಿಗೂ ಈ ತಪ್ಪು ಆಗಿದೆ. 1999ರಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ ಮಂಗಳನ ಬಳಿ ಕಳೆದುಹೋಯಿತು. ಒಂದು ತಂತ್ರಾಂಶ ಪೌಂಡ್ ಮಾನದಲ್ಲಿ ಕೊಟ್ಟ ಅಂಕಿಗಳನ್ನು ಇನ್ನೊಂದು ನ್ಯೂಟನ್ ಮಾನದಲ್ಲಿವೆ ಎಂದು ಓದಿಕೊಂಡಿತ್ತು.

ದಿನನಿತ್ಯ ಎಡವುವ ಜಾಗ ಸಮಯ. ಜಾವಾದ ಥ್ರೆಡ್‌ನ 'ಸ್ಲೀಪ್'ಗೆ 5 ಎಂದು ಕೊಟ್ಟರೆ 5 ಮಿಲಿಸೆಕೆಂಡ್, ಪೈಥಾನ್‌ನ 'ಸ್ಲೀಪ್'ಗೆ ಕೊಟ್ಟರೆ 5 ಸೆಕೆಂಡ್. 'ಕಾಯುವ_ಸಮಯ' ಎಂದು ನಿಲ್ಲಿಸದೆ 'ಕಾಯುವ_ಸಮಯ_ಸೆಕೆಂಡ್' ಎಂದು ಮುಗಿಸಿ.

ಎರಡು ಮೌಲ್ಯಗಳು ಒಟ್ಟಿಗೇ ಹೋಗಬೇಕಾದರೆ ಎರಡು ಸೆಟರ್ ಬೇಕೆ, ಒಂದು ಸಾಕೆ?

ಒಂದೇ ಇರಲಿ. ಜಮೀನಿನ ವಿಸ್ತೀರ್ಣ ತೆಗೆದುಕೊಳ್ಳಿ. ಪಹಣಿಯಲ್ಲಿ ಎಕರೆ–ಗುಂಟೆ ಇರುತ್ತದೆ. 40 ಗುಂಟೆ ಸೇರಿದರೆ ಒಂದು ಎಕರೆ. ನಮ್ಮ ರೈತರು '2.20' ಎಂದು ಬರೆದರೆ ಅದು ಎರಡು ಎಕರೆ ಇಪ್ಪತ್ತು ಗುಂಟೆ, ಅಂದರೆ ಎರಡೂವರೆ ಎಕರೆ. ಅದನ್ನೇ ದಶಮಾಂಶ ಸಂಖ್ಯೆಯಾಗಿ 'ವಿಸ್ತೀರ್ಣ = 2.20' ಎಂದು ಬರೆದರೆ ಹನ್ನೆರಡು ಗುಂಟೆ ಜಮೀನು ಕೋಡಿನಲ್ಲೇ ಕಳೆದುಹೋಯಿತು. ಎಕರೆಗೊಂದು, ಗುಂಟೆಗೊಂದು ಸೆಟರ್ ಇಟ್ಟರೆ, ಮೊದಲನೆಯದನ್ನು ಕರೆದು ಎರಡನೆಯದನ್ನು ಮರೆತವರ ಜಮೀನು ಅರ್ಧ ಹಳೆಯದು, ಅರ್ಧ ಹೊಸದು ಆಗಿ ನಿಲ್ಲುತ್ತದೆ. 'ವಿಸ್ತೀರ್ಣ_ಎಕರೆ_ಗುಂಟೆ(2, 20)' ಎಂಬ ಒಂದೇ ಮೆಥಡ್ ಇಡಿ, 40 ಅಥವಾ ಹೆಚ್ಚು ಗುಂಟೆ ಬಂದರೆ ಅಲ್ಲೇ ತಡೆಯಿರಿ. ಇದಕ್ಕಿಂತ ಒಳ್ಳೆಯದು 'ವಿಸ್ತೀರ್ಣ' ಎಂಬುದನ್ನೇ ಒಂದು ಪುಟ್ಟ ಕ್ಲಾಸ್ ಮಾಡುವುದು.

ಸೆಟರ್ ಮೌಲ್ಯ ಬರೆಯುವುದರ ಜೊತೆಗೆ ಬೇರೆ ಕೆಲಸವನ್ನೂ ಮಾಡಿದರೆ ಅದನ್ನು 'ಸೆಟ್' ಎಂದೇ ಕರೆಯಬಹುದೆ?

ಈ ಪುಟದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು.

ತರಗತಿಯಲ್ಲಿ ಪ್ರತಿ ವರ್ಷ ಕನ್ನಂಬಾಡಿ ಕಟ್ಟೆಯನ್ನು ಒಂದು ಕ್ಲಾಸ್ ಆಗಿ ಬರೆಯಲು ಹೇಳುತ್ತೇನೆ. ಎಲ್ಲರಿಗೂ ಗೊತ್ತಿರುವ ಸಂಗತಿ. ಮಳೆಗಾಲದಲ್ಲಿ ಪತ್ರಿಕೆ ತೆರೆದರೆ ಮೊದಲು ಕಣ್ಣು ಹೋಗುವುದು ಆ ಪುಟ್ಟ ಪಟ್ಟಿಯ ಮೇಲೆ: ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು ಅಡಿ, ಒಳಹರಿವು ಇಷ್ಟು ಕ್ಯೂಸೆಕ್, ಹೊರಹರಿವು ಇಷ್ಟು ಕ್ಯೂಸೆಕ್, ಸಂಗ್ರಹ ಇಷ್ಟು ಟಿಎಂಸಿ ಅಡಿ. ವಿದ್ಯಾರ್ಥಿಗಳು ಆ ಐದಕ್ಕೂ ಐದು ಫೀಲ್ಡ್, ಐದು ಗೆಟರ್, ಐದು ಸೆಟರ್ ಬರೆದು ತೋರಿಸುತ್ತಾರೆ. ಎಡಿಟರ್‌ನಲ್ಲಿ ಒಂದು ಗುಂಡಿ ಒತ್ತಿದರೆ ಅವೆಲ್ಲ ತಾವೇ ಬಂದುಬಿಡುತ್ತವೆ, ಅದೂ ಒಂದು ತೊಂದರೆ.

ಒಂದು ವರ್ಷ ಪಾಂಡವಪುರದ ಕಡೆಯ ಒಬ್ಬ ವಿದ್ಯಾರ್ಥಿನಿ ಬರೀ ಒಂದು ಸೆಟರ್ ಬರೆದು ನಿಲ್ಲಿಸಿದ್ದಳು. ಅವಳ ತಂದೆ ಕಾಲುವೆಯ ಮೇಲೆ ನೀರುಗಂಟಿ. ಉಳಿದವು ಎಲ್ಲಿ ಎಂದು ಕೇಳಿದೆ. "ಸರ್, ಮಟ್ಟವನ್ನು ಯಾರು ತಾನೇ ಬದಲಾಯಿಸುತ್ತಾರೆ? ತೂಬು ಎತ್ತುತ್ತಾರೆ, ಇಳಿಸುತ್ತಾರೆ. ಮಟ್ಟ ತಾನಾಗಿ ಇಳಿಯುತ್ತದೆ" ಎಂದಳು. ಹೊರಹರಿವಿಗೆ ಸೆಟರ್ ಬರೆದಿದ್ದಳು, ಅದಕ್ಕೂ 'ಸೆಟ್' ಎಂದಿರಲಿಲ್ಲ. 'ನೀರು_ಬಿಡು(ಕ್ಯೂಸೆಕ್)' ಎಂದಿತ್ತು.

ಅವಳ ಕ್ಲಾಸಿನಲ್ಲಿ ಸರಿ ಏನಿತ್ತು ನೋಡಿ. ಗರಿಷ್ಠ ಮಟ್ಟ ಎಂದಿಗೂ ಬದಲಾಗದು, ಅದು ಸ್ಥಿರಾಂಕ. ಒಳಹರಿವು ಮಳೆಯಿಂದ ಬರುವ ಅಳತೆ. ಅದನ್ನು ದಾಖಲಿಸುತ್ತೇವೆ, ನಿರ್ಧರಿಸುವುದಿಲ್ಲ. ಸಂಗ್ರಹವನ್ನು ಮಟ್ಟದಿಂದ ಲೆಕ್ಕ ಹಾಕಬೇಕು. ಕಟ್ಟೆಯ ತಳದ ಒಂದು ಅಡಿಗಿಂತ ಮೇಲಿನ ಒಂದು ಅಡಿ ಎಷ್ಟೋ ಹೆಚ್ಚು ನೀರು ಹಿಡಿಯುವುದರಿಂದ ಅದಕ್ಕೊಂದು ಕೋಷ್ಟಕವೇ ಬೇಕು. ಹೊರಗಿನವರು ಸಂಗ್ರಹವನ್ನು ಬೇರೆ, ಮಟ್ಟವನ್ನು ಬೇರೆ ಬರೆಯಬಹುದಾದರೆ ಎರಡೂ ಒಂದಕ್ಕೊಂದು ಹೊಂದದ ಕಟ್ಟೆ ಹುಟ್ಟುತ್ತದೆ, ಅಂಥ ಕಟ್ಟೆ ಭೂಮಿಯ ಮೇಲೆ ಇರಲಾರದು. ಮನುಷ್ಯರು ನಿಜಕ್ಕೂ ಮಾಡುವುದು ಒಂದೇ ಕೆಲಸ, ಗೇಟು ತೆರೆಯುವುದು, ಮುಚ್ಚುವುದು. ಅದು ಬರೀ ಒಂದು ಅಂಕಿಯನ್ನು ಬರೆದುಕೊಳ್ಳುವುದಲ್ಲ. ದಿನವಿಡೀ 11,574 ಕ್ಯೂಸೆಕ್ ಬಿಟ್ಟರೆ ಒಂದು ಟಿಎಂಸಿ ಅಡಿ ನೀರು ಹೊರಟುಹೋಗುತ್ತದೆ. ಹರಿವು ಹೆಚ್ಚಿದರೆ ಕೆಳಗಿನ ನದಿಪಾತ್ರದ ಜನರಿಗೆ ಎಚ್ಚರಿಕೆ ಕೊಡಬೇಕು, ರಂಗನತಿಟ್ಟಿನಲ್ಲಿ ದೋಣಿ ನಿಲ್ಲಿಸಬೇಕು. ಇಷ್ಟೆಲ್ಲ ಹಿಂದೆ ನಡೆಯುವಾಗ 'ಸೆಟ್‌ಹೊರಹರಿವು' ಎಂಬ ಹೆಸರು ಓದುಗರಿಗೆ ಏನನ್ನೂ ತಿಳಿಸುವುದಿಲ್ಲ. 'ನೀರು_ಬಿಡು' ಎಂದರೆ ಯಾರಿಗಾದರೂ ಗೊತ್ತಾಗುತ್ತದೆ.

ಹೀಗಾಗಿ ನನ್ನ ಉತ್ತರ: 'ಸೆಟ್' ಎಂಬ ಹೆಸರು ಮೌಲ್ಯವನ್ನು ಬರೆದುಕೊಳ್ಳುತ್ತೇನೆ, ಮತ್ತೆ ಕೇಳಿದರೆ ಅದನ್ನೇ ಕೊಡುತ್ತೇನೆ ಎಂದು ಮಾತು ಕೊಡುತ್ತದೆ. ಅದಕ್ಕಿಂತ ದೊಡ್ಡ ಕೆಲಸ ನಡೆಯುವುದಾದರೆ ಆ ಕೆಲಸ ಮಾಡುವ ಜನ ಅದನ್ನು ಏನೆಂದು ಕರೆಯುತ್ತಾರೋ ಕೇಳಿ, ಅದನ್ನೇ ಇಡಿ. ಸಹಕಾರ ಸಂಘದ ಪುಸ್ತಕದಲ್ಲಿ ಶಿಲ್ಕನ್ನು ಯಾರೂ ನೇರವಾಗಿ ತಿದ್ದುವುದಿಲ್ಲ. ಜಮಾ ಮಾಡುತ್ತಾರೆ, ಖರ್ಚು ಹಾಕುತ್ತಾರೆ, ಶಿಲ್ಕು ಲೆಕ್ಕದಿಂದ ಬರುತ್ತದೆ. 'ಸೆಟ್‌ಶಿಲ್ಕು' ಎಂಬ ಮೆಥಡ್ ಕಂಡರೆ ಲೆಕ್ಕ ಪರಿಶೋಧಕರಿಗೆ ಎದೆ ಧಸಕ್ಕೆನ್ನಬೇಕು. ಪ್ರೋಗ್ರಾಮರ್‌ಗೂ ಹಾಗೆಯೇ ಅನ್ನಿಸಬೇಕು.

ಪ್ರಾಪರ್ಟಿಗಳ ಬಗ್ಗೆ ಇನ್ನೊಂದು ಮಾತು. ಸಮ ಚಿಹ್ನೆ ಕಂಡವರು ಕೆಲಸ ಕ್ಷಣದಲ್ಲಿ ಮುಗಿಯುತ್ತದೆ ಎಂದುಕೊಳ್ಳುತ್ತಾರೆ. ಹಿಂದೆ ನೆಟ್‌ವರ್ಕಿಗೋ ಡೇಟಾಬೇಸಿಗೋ ಹೋಗಿ ಬರುವ ಕೆಲಸವಿದ್ದರೆ ಅದು ಪ್ರಾಪರ್ಟಿ ಆಗಬಾರದು, ಕ್ರಿಯಾಪದದ ಹೆಸರಿರುವ ಮೆಥಡ್ ಆಗಬೇಕು.

ತಪ್ಪು ಮೌಲ್ಯ ಬಂದರೆ ಸೆಟರ್ ಅದನ್ನು ತಾನೇ ಸರಿ ಮಾಡಿಕೊಳ್ಳಬಹುದೆ?

ಬೇಡ. ಮಟ್ಟ 130 ಎಂದು ಬಂದರೆ ಸದ್ದಿಲ್ಲದೆ 124.80 ಎಂದು ಬರೆದುಕೊಳ್ಳುವ ಸೆಟರ್, ಕೊಟ್ಟ ಮಾತಿಗೆ ತಪ್ಪಿದಂತೆ. ಎಕ್ಸೆಪ್ಶನ್ ಎಸೆಯಲಿ, ಒಳಗಿದ್ದ ಹಳೆಯ ಮೌಲ್ಯ ಹಾಗೆಯೇ ಉಳಿಯಲಿ. ಸರಿಪಡಿಸಿಕೊಳ್ಳುವುದೇ ಉದ್ದೇಶವಾಗಿದ್ದರೆ ಹೆಸರಿನಲ್ಲಿ ಹೇಳಿ: 'ಮಿತಿಯೊಳಗೆ_ಬರೆ'.

ಹೌದು–ಅಲ್ಲ ಎಂಬ ಪ್ರಾಪರ್ಟಿಗೆ ಎಂಥ ಹೆಸರು?

ಹೌದು ಎಂಬ ಕಡೆಯಿಂದ ಹೆಸರಿಡಿ. 'ಮುಚ್ಚಿಲ್ಲ = ಸುಳ್ಳು' ಎಂದು ಓದಿದವರು ಗೇಟು ತೆರೆದಿದೆಯೋ ಮುಚ್ಚಿದೆಯೋ ತಿಳಿಯಲು ಎರಡು ಸಲ ತಲೆ ತಿರುಗಿಸಬೇಕು. 'ತೆರೆದಿದೆ' ಎಂದಿರಲಿ. ಇಂಗ್ಲಿಷಿನಲ್ಲಿ ಇದಕ್ಕೆ 'ಈಸ್', 'ಹ್ಯಾಸ್', 'ಕ್ಯಾನ್' ಎಂಬ ಮುನ್ನುಡಿ ಬೇಕು. ಕನ್ನಡದಲ್ಲಿ ತೆರೆದಿದೆ, ಪಾವತಿಯಾಗಿದೆ, ಖಾಲಿಯಾಗಿದೆ ಎಂದರೆ ಕ್ರಿಯಾಪದದ ಕೊನೆಯೇ ಆ ಕೆಲಸ ಮಾಡುತ್ತದೆ.

ಜಾವಾದಲ್ಲಿ ಇಲ್ಲೊಂದು ಬಲೆ ಇದೆ. ಫೀಲ್ಡ್‌ನ ಹೆಸರಿಗೇ 'ಈಸ್' ಸೇರಿಸಿ 'ಈಸ್‌ಓಪನ್' ಎಂದಿಟ್ಟರೆ ಗೆಟರ್, ಸೆಟರ್‌ಗಳನ್ನು ತಾನೇ ಬರೆದುಕೊಡುವ ಲೊಂಬೊಕ್ ಲೈಬ್ರರಿ ಅದರ ಸೆಟರ್ ಅನ್ನು 'ಸೆಟ್‌ಓಪನ್' ಎಂದು ಮಾಡುತ್ತದೆ. ಕಾಟ್ಲಿನ್ ಕೂಡ ಹಾಗೆಯೇ. 'ಸೆಟ್‌ಈಸ್‌ಓಪನ್' ಎಂದು ಹುಡುಕಿದವರಿಗೆ ಏನೂ ಸಿಗದು. ಮೆಥಡ್‌ನ ಹೆಸರು ನೋಡಿ ಪ್ರಾಪರ್ಟಿ ಪತ್ತೆ ಹಚ್ಚುವ ಜಾವಾಬೀನ್ಸ್ ಪರಿಶೀಲಕ 'ಈಸ್' ಗೆಟರ್ ಅನ್ನು ಒಪ್ಪುವುದು ಸಣ್ಣಕ್ಷರದ ಮೂಲ ಬೂಲಿಯನ್ ಟೈಪ್‌ಗೆ ಮಾತ್ರ, ದೊಡ್ಡಕ್ಷರದ ಬೂಲಿಯನ್ ಆಬ್ಜೆಕ್ಟ್‌ಗೆ ಅಲ್ಲ.

ಜಾವಾದಲ್ಲಿ ನನ್ನ ಪ್ರಾಪರ್ಟಿಯ ಹೆಸರು ಜೇಸನ್‌ನಲ್ಲಿ ಬೇರೆಯಾಗಿ ಬರುತ್ತಿದೆ. ಏಕೆ?

ಜೇಸನ್ ಎಂದರೆ ಪ್ರೋಗ್ರಾಮ್‌ಗಳು ಒಂದಕ್ಕೊಂದು ಮಾಹಿತಿ ಕಳಿಸುವ ಪಠ್ಯದ ರೂಪ. ಹೆಸರು ಬೇರೆಯಾಗುವುದು ದೊಡ್ಡಕ್ಷರ, ಸಣ್ಣಕ್ಷರದ ಲೆಕ್ಕದಿಂದ. 'ಸೆಟ್' ತೆಗೆದ ಮೇಲೆ ಉಳಿದ ಹೆಸರಿನ ಮೊದಲ ಅಕ್ಷರವನ್ನು ಸಣ್ಣದು ಮಾಡಬೇಕು ಎಂಬುದು ಜಾವಾಬೀನ್ಸ್ ನಿಯಮ. ಮೊದಲ ಎರಡೂ ಅಕ್ಷರ ದೊಡ್ಡವಾಗಿದ್ದರೆ ಮುಟ್ಟದೆ ಬಿಡಬೇಕು. ಯುಆರ್‌ಎಲ್‌ನಂಥ ಸಂಕ್ಷೇಪಗಳನ್ನು ಕಾಪಾಡಲು ಮಾಡಿದ ವಿನಾಯಿತಿ ಅದು. ಆಬ್ಜೆಕ್ಟನ್ನು ಜೇಸನ್ ಮಾಡಿಕೊಡುವ ಜಾಕ್ಸನ್ ಲೈಬ್ರರಿ ಮಾತ್ರ ರೂಢಿಯಂತೆ ಮುಂದಿನ ದೊಡ್ಡಕ್ಷರಗಳನ್ನೆಲ್ಲ ಸಣ್ಣದು ಮಾಡುತ್ತದೆ. ಹೀಗಾಗಿ ಒಂದೇ ಸಣ್ಣಕ್ಷರದ ನಂತರ ದೊಡ್ಡಕ್ಷರ ಬರುವ ಹೆಸರುಗಳು, ಉದಾಹರಣೆಗೆ ಸಣ್ಣ ಎಕ್ಸ್ ನಂತರ ದೊಡ್ಡ ಐ ಇರುವ 'ಎಕ್ಸ್‌ಇಂಡೆಕ್ಸ್', ಒಂದೊಂದು ಲೈಬ್ರರಿಯಲ್ಲಿ ಒಂದೊಂದು ವೇಷ ಹಾಕುತ್ತವೆ. ಅಂಥ ಹೆಸರನ್ನೇ ಇಡಬೇಡಿ. ಮೊದಲ ಪದ ಕನಿಷ್ಠ ಎರಡು ಅಕ್ಷರದ್ದಾಗಿರಲಿ.

ಸೆಟರ್‌ನ ಆರ್ಗ್ಯುಮೆಂಟಿಗೆ ಏನೆಂದು ಹೆಸರಿಡಬೇಕು?

ಸಿ ಶಾರ್ಪ್‌ನಲ್ಲಿ ಆಯ್ಕೆಯೇ ಇಲ್ಲ, ಅದು 'ವ್ಯಾಲ್ಯೂ'. ಸ್ವಿಫ್ಟ್‌ನಲ್ಲಿ ನೀವು ಹೇಳದಿದ್ದರೆ 'ನ್ಯೂವ್ಯಾಲ್ಯೂ'. ಜಾವಾದಲ್ಲಿ ಫೀಲ್ಡ್‌ನ ಹೆಸರನ್ನೇ ಇಡುವುದು ರೂಢಿ, ಫೀಲ್ಡ್ ಕಡೆ 'ದಿಸ್' ಸೇರಿಸುತ್ತಾರೆ. ಅದನ್ನು ಮರೆತು 'ಮಟ್ಟ = ಮಟ್ಟ' ಎಂದು ಬರೆದರೆ ಆರ್ಗ್ಯುಮೆಂಟ್ ತನಗೆ ತಾನೇ ಬರೆದುಕೊಳ್ಳುತ್ತದೆ, ಫೀಲ್ಡ್ ಹಾಗೆಯೇ ಉಳಿಯುತ್ತದೆ, ಕಂಪೈಲರ್ ಒಪ್ಪಿಕೊಂಡುಬಿಡುತ್ತದೆ. ನನ್ನ ತರಗತಿಯಲ್ಲಿ ಅತಿ ಹೆಚ್ಚು ಸಮಯ ತಿನ್ನುವ ದೋಷ ಇದೇ.

ಪೈಥಾನ್, ಜಾವಾಸ್ಕ್ರಿಪ್ಟ್‌ಗಳಲ್ಲಿ ಇನ್ನೊಂದು. 'ಮಟ್ಟ' ಎಂಬ ಸೆಟರ್‌ನ ಒಳಗೆ ಅದೇ ಆಬ್ಜೆಕ್ಟಿನ 'ಮಟ್ಟ'ಕ್ಕೆ ಬರೆದರೆ ಸೆಟರ್ ತನ್ನನ್ನೇ ಕರೆದುಕೊಳ್ಳುತ್ತಾ ಹೋಗಿ ಸ್ಟ್ಯಾಕ್ ತುಂಬಿ ಬೀಳುತ್ತದೆ. ಒಳಗಿನ ಫೀಲ್ಡ್‌ಗೆ ಬೇರೆ ಹೆಸರು ಬೇಕು. ಪೈಥಾನ್‌ನಲ್ಲಿ ಮುಂದೊಂದು ಅಡಿಗೆರೆ ಹಾಕಿ '_ಮಟ್ಟ' ಎಂದಿಡುವುದು ಪದ್ಧತಿ.

ಸೆಟರ್ ಏನನ್ನಾದರೂ ಹಿಂದಿರುಗಿಸಬೇಕೆ?

ಸಾಮಾನ್ಯವಾಗಿ ಬೇಡ. ಸಾಲಾಗಿ ಕರೆಯಲು ಅನುಕೂಲವೆಂದು ಆಬ್ಜೆಕ್ಟನ್ನೇ ಹಿಂದಿರುಗಿಸುವ ಸೆಟರ್ ಬರೆದರೆ ಜಾವಾಬೀನ್ಸ್ ಪರಿಶೀಲಕ ಅದನ್ನು ಸೆಟರ್ ಎಂದು ಗುರುತಿಸುವುದೇ ಇಲ್ಲ. ಹಾಗೆ ಬೇಕಿದ್ದರೆ ಬಿಲ್ಡರ್ (ಆಬ್ಜೆಕ್ಟನ್ನು ಹಂತ ಹಂತವಾಗಿ ಕಟ್ಟಿಕೊಡುವ ಬೇರೆ ಕ್ಲಾಸ್) ಮಾಡಿ, ಅಲ್ಲಿ 'ಸೆಟ್' ಬಿಟ್ಟುಬಿಡಿ.

ಬದಲಾಗದ ಆಬ್ಜೆಕ್ಟ್‌ಗಳಿಗೆ 'ಸೆಟ್' ಎಂದು ಎಂದಿಗೂ ಇಡಬೇಡಿ. 2014ರ ಜಾವಾ 8ರ ಜೊತೆ ಬಂದ ದಿನಾಂಕದ ಕ್ಲಾಸುಗಳಲ್ಲಿ 'ವಿತ್‌ಇಯರ್' ಎಂಬ ಹೆಸರಿದೆ. ಅದು ಇದ್ದ ದಿನಾಂಕವನ್ನು ಮುಟ್ಟದೆ, ವರ್ಷ ಬದಲಾದ ಹೊಸ ದಿನಾಂಕವನ್ನು ಕೊಡುತ್ತದೆ. ಅದೇ 'ಸೆಟ್‌ಇಯರ್' ಆಗಿದ್ದರೆ ಸಾವಿರಾರು ಜನ ಹಿಂದಿರುಗಿ ಬಂದ ಆಬ್ಜೆಕ್ಟನ್ನು ಕೈಬಿಟ್ಟು, ವರ್ಷ ಏಕೆ ಬದಲಾಗಲಿಲ್ಲ ಎಂದು ತಲೆ ಕೆರೆದುಕೊಳ್ಳುತ್ತಿದ್ದರು.

ಹೆಸರುಗಳನ್ನು ಕನ್ನಡದಲ್ಲೇ, ಕನ್ನಡ ಲಿಪಿಯಲ್ಲೇ ಇಡಬಹುದೆ?

ಬಹಳ ಭಾಷೆಗಳಲ್ಲಿ ಆಗುತ್ತದೆ. ಜಾವಾ ಮೊದಲಿನಿಂದಲೂ ಯೂನಿಕೋಡ್ ಹೆಸರುಗಳನ್ನು ಒಪ್ಪುತ್ತದೆ, ಪೈಥಾನ್ 2008ರ 3.0ರಿಂದ. ಪಾಠಕ್ಕೆ ನಾನು ಧಾರಾಳವಾಗಿ ಬಳಸುತ್ತೇನೆ. ಮಕ್ಕಳ ಕಣ್ಣಿನಲ್ಲಿ ಹೊಳಪು ಬರುತ್ತದೆ. ಆದರೆ ನಾಲ್ಕು ವಿಷಯ ತಿಳಿದಿರಬೇಕು.

ನಮ್ಮ ಲಿಪಿಯಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಇಲ್ಲ. ಪದಗಳನ್ನು ಅಂಟಿಸಿ ಮುಂದಿನ ಪದದ ಮೊದಲಕ್ಷರವನ್ನು ದೊಡ್ಡದು ಮಾಡುವ ಪದ್ಧತಿ ಇಲ್ಲಿ ನಡೆಯದು, ಅಡಿಗೆರೆಯೇ ಗತಿ. ಗೋ ಭಾಷೆಯಲ್ಲಿ ದೊಡ್ಡಕ್ಷರದಿಂದ ಶುರುವಾದ ಹೆಸರು ಮಾತ್ರ ಪ್ಯಾಕೇಜಿನ ಹೊರಗೆ ಕಾಣುತ್ತದೆ, ಹೀಗಾಗಿ ಶುದ್ಧ ಕನ್ನಡದ ಹೆಸರು ಹೊರಗೆ ಹೋಗಲಾರದು. ರೂಬಿಯಲ್ಲಿ ಕ್ಲಾಸಿನ ಹೆಸರು ದೊಡ್ಡಕ್ಷರದಿಂದಲೇ ಶುರುವಾಗಬೇಕು, ಅಲ್ಲೂ ಕನ್ನಡಕ್ಕೆ ಬಾಗಿಲು ಮುಚ್ಚಿದೆ. ಮೆಥಡ್‌ಗಳಿಗೆ ತೆರೆದಿದೆ.

ಎರಡನೆಯದು, 'ಸೆಟ್‌ಮಟ್ಟ' ಎಂದು ಬರೆಯುವಾಗ ಟ ಕಾರಕ್ಕೆ ಮ ಒತ್ತಾಗದಂತೆ ತಡೆಯಲು ನಡುವೆ ಒಂದು ಕಾಣದ ಅಕ್ಷರವನ್ನು ಹಾಕುತ್ತೇವೆ. ಪೈಥಾನ್ ಅದನ್ನು ಹೆಸರಿನೊಳಗೆ ಬಿಟ್ಟುಕೊಳ್ಳದೆ ದೋಷ ತೋರಿಸುತ್ತದೆ. ಜಾವಾಸ್ಕ್ರಿಪ್ಟ್ ಬಿಟ್ಟುಕೊಳ್ಳುತ್ತದೆ, ಆದರೆ ಅದು ಇರುವ ಹೆಸರು, ಇಲ್ಲದ ಹೆಸರು ಎರಡೂ ಅದಕ್ಕೆ ಬೇರೆ ಬೇರೆ.

ಮೂರನೆಯದೂ ಇದೇ ಜಾತಿಯದು. 'ಕೊ' ಎಂಬುದರ ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಎರಡು ಸಂಕೇತಗಳ ಜೋಡಿಯಾಗಿಯೂ ಬರೆಯಬಹುದು. ಕಣ್ಣಿಗೆ ವ್ಯತ್ಯಾಸವಿಲ್ಲ. ಪೈಥಾನ್ ಎರಡನ್ನೂ ಒಂದೇ ರೂಪಕ್ಕೆ ತಂದು ನೋಡುತ್ತದೆ, ಜಾವಾಸ್ಕ್ರಿಪ್ಟ್ ತರುವುದಿಲ್ಲ.

ನಾಲ್ಕನೆಯದು ನನಗೆ ಬಹಳ ಪ್ರಿಯವಾದದ್ದು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. 'ಸೆಟ್‌ಮಟ್ಟ' ಎಂಬುದು ಕನ್ನಡದ ಬಾಯಿಗೆ ಹೊಂದುವುದಿಲ್ಲ; 'ಮಟ್ಟ_ಬರೆ', 'ತೂಕ_ನಮೂದಿಸು', 'ನೀರು_ಬಿಡು' ಎಂಬುವು ಹೊಂದುತ್ತವೆ. ಹೀಗಿಟ್ಟರೆ ಎಡಿಟರ್‌ನ ಪಟ್ಟಿಯಲ್ಲಿ ಮಟ್ಟಕ್ಕೆ ಸಂಬಂಧಿಸಿದ ಮೆಥಡ್‌ಗಳೆಲ್ಲ ಒಂದೇ ಕಡೆ ಸೇರುತ್ತವೆ, 'ಸೆಟ್' ಎಂಬ ಮುನ್ನುಡಿಯ ಹಿಂದೆ ಚದುರುವುದಿಲ್ಲ. ರೂಬಿಯ 'ಮಟ್ಟ=' ನಮಗೆ ಸಹಜವೆನಿಸುವುದೂ ಇದಕ್ಕೇ: ಮೊದಲು ವಸ್ತು, ಆಮೇಲೆ ಕೆಲಸ.

ನೌಕರಿಯಲ್ಲಿ ಬರೆಯುವ ಕೋಡಿಗೆ ನನ್ನ ಸಲಹೆ ಬೇರೆ. ನಾಳೆ ಓದುವವರಲ್ಲಿ ಕನ್ನಡ ಬಾರದವರೂ ಇರುತ್ತಾರೆ, ಇಂಗ್ಲಿಷ್ ಅಕ್ಷರವನ್ನೇ ಬಳಸಿ. ಆದರೆ ಹೆಸರನ್ನು ಮೊದಲು ಕಾಗದದ ಮೇಲೆ ಕನ್ನಡದಲ್ಲಿ ಬರೆದುಕೊಳ್ಳಿ. 'ಡೇಟಾ', 'ಇನ್ಫೋ', 'ಪ್ರೊಸೆಸ್' ಎಂಬ ಹುರುಳಿಲ್ಲದ ಪದಗಳು ಕನ್ನಡದಲ್ಲಿ ಯೋಚಿಸುವಾಗ ಬರುವುದೇ ಇಲ್ಲ. ಗುಂಟೆ, ಪಹಣಿ, ಹಿಸ್ಸಾ ಮುಂತಾದವನ್ನು ಅನುವಾದಿಸಲೂ ಹೋಗಬೇಡಿ, ಇಂಗ್ಲಿಷ್ ಅಕ್ಷರಗಳಲ್ಲಿ ಹಾಗೆಯೇ ಬರೆಯಿರಿ.

ಕೆಟ್ಟ ಹೆಸರು ಈಗಾಗಲೇ ಬಳಕೆಯಲ್ಲಿದೆ. ಬದಲಾಯಿಸುವುದು ಹೇಗೆ?

ಹೊಸ ಹೆಸರಿನ ಮೆಥಡ್ ಬರೆಯಿರಿ. ಹಳೆಯದು ಹೊಸದನ್ನು ಕರೆಯಲಿ, ಅದರ ಮೇಲೆ ಬಳಕೆಯಿಂದ ಹೊರಹೋಗುತ್ತಿದೆ ಎಂಬ ಗುರುತು ಹಾಕಿ. ಜಾವಾದಲ್ಲಿ ಅದಕ್ಕೆ 'ಡೆಪ್ರಿಕೇಟೆಡ್', ಸಿ ಶಾರ್ಪ್‌ನಲ್ಲಿ 'ಅಬ್ಸೊಲೀಟ್' ಇವೆ. ಎಡಿಟರ್‌ನ ಮರುನಾಮಕರಣ ಸೌಲಭ್ಯ ಕೋಡಿನೊಳಗಿನ ಕರೆಗಳನ್ನೆಲ್ಲ ತಿದ್ದುತ್ತದೆ, ಆದರೆ ಪ್ರಾಪರ್ಟಿಯ ಹೆಸರು ಕೋಡಿನ ಹೊರಗೂ ಹೋಗಿರುತ್ತದೆ: ಜೇಸನ್‌ನಲ್ಲಿ, ಡೇಟಾಬೇಸಿನ ಕಾಲಂನಲ್ಲಿ, ಯಾರದೋ ಮೊಬೈಲಿನ ಆ್ಯಪ್‌ನಲ್ಲಿ. ಹೊರಗಿನ ಹೆಸರನ್ನು ಮೊದಲು ಅನೋಟೇಶನ್ (ಕೋಡಿಗೆ ಅಂಟಿಸುವ ಗುರುತು) ಹಾಕಿ ಹಳೆಯದರಲ್ಲೇ ಕಟ್ಟಿಹಾಕಿ, ಆಮೇಲೆ ಒಳಗಿನದನ್ನು ಬದಲಾಯಿಸಿ.

ಹಾಲಿನ ಸಂಘದ ತಂತ್ರಾಂಶದಲ್ಲಿ 'ಪ್ರಮಾಣ'ವನ್ನು ನಾನು ಕೂಡಲೇ ಅಳಿಸಲಿಲ್ಲ. ಅದನ್ನು ಯಾರು ಕರೆದರೂ ದಿನಾಂಕ, ಸಮಯ, ಕರೆದ ಜಾಗ ಒಂದು ಕಡತದಲ್ಲಿ ದಾಖಲಾಗುವಂತೆ ಮಾಡಿದೆ. ಮೊದಲ ವಾರ ಕಡತದಲ್ಲಿ ಮೂರು ಜಾಗಗಳು ಕಂಡವು. ಎರಡು ನನಗೆ ಗೊತ್ತಿದ್ದವು, ಮೂರನೆಯದು ತಿಂಗಳ ಕೊನೆಯ ಬಿಲ್ ಮುದ್ರಿಸುವ ಜಾಗ, ಅದನ್ನು ಪೂರ್ತಿ ಮರೆತಿದ್ದೆ. ಮೂರನ್ನೂ ತಿದ್ದಿ, ಮತ್ತೊಂದು ತಿಂಗಳ ಬಿಲ್ ಮುಗಿಯುವವರೆಗೆ ಕಾದೆ. ಕಡತ ಖಾಲಿ ಇತ್ತು. ಆ ದಿನ 'ಪ್ರಮಾಣ'ವನ್ನು ಅಳಿಸಿದೆ.